ವಾಸನೆ ಇಲ್ಲದ ಮಧ್ಯಾಹ್ನ

ನನ್ನ ಮೂಗಿನ ಬಗ್ಗೆ ನನಗೆ ಭಾರೀ ಜಂಬ ಇತ್ತು ಮಾರಾಯ್ರೆ. ಡೊಂಬಿವಲಿಯಲ್ಲಿ ಎಂಐಡಿಸಿ ಅನ್ನುವ ಸರಕಾರಿ ಕೈಗಾರಿಕಾ ವಠಾರದ ಫ್ಯಾಕ್ಟರಿಗಳ ಮಗ್ಗುಲಲ್ಲೇ ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವಳು ನಾನು, ಜಯಲತಾ. ಕೊಳೆತ ಮೊಟ್ಟೆಯ ನಾತ ಬಂದರೆ ನಾಲೆಗೆ ಯಾರೋ ಏನೋ ಬಿಟ್ಟಿದ್ದಾರೆ ಅಂತ ಲೆಕ್ಕ. ಬೆಲ್ಲ ಸೀದ ಹಾಗೆ ಬಂದರೆ ಔಷಧದ ಫ್ಯಾಕ್ಟರಿ. ಉಗುರಿಗೆ ಹಚ್ಚುವ ಬಣ್ಣದ ಹಾಗೆ ಸಿಹಿಯಾಗಿ ತಲೆ ತಿರುಗಿಸುವ ವಾಸನೆ ಬಂದರೆ ನಮ್ಮ ಸೊಸೈಟಿಯ ಹಿಂದಿನ ಬಣ್ಣದ ಫ್ಯಾಕ್ಟರಿ, ಸಂಶಯವೇ ಬೇಡ. ಬಿಲ್ಡಿಂಗಿನ ಹೆಂಗಸರು ಬಟ್ಟೆ ಒಣಗಿಸುವ ಮೊದಲು ನನ್ನ ಬಾಲ್ಕನಿ ಕಡೆ ನೋಡಿ, "ಜಯಲತಕ್ಕ, ಇವತ್ತು ಹೇಗುಂಟು?" ಅಂತ ಕೇಳುವುದಿತ್ತು. ನಾನು ಒಂದು ಸಲ ಉಸಿರೆಳೆದು ತೀರ್ಪು ಕೊಡುತ್ತಿದ್ದೆ. ಆ ಜಂಬವೇ ಚಂದ್ರಬಾಯಿಯ ಜೀವಕ್ಕೆ ಕುತ್ತಾಯಿತು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನ ಇಲ್ಲ.

2011ರ ದೀಪಾವಳಿಯ ತನಕ ಆ ಬಣ್ಣದ ಫ್ಯಾಕ್ಟರಿಯವರು ಬಣ್ಣ ತೆಳು ಮಾಡುವ ಥಿನ್ನರ್ ಟ್ಯಾಂಕುಗಳ ಆವಿಯನ್ನು ರಾತ್ರಿ ಹನ್ನೊಂದಕ್ಕೆ ಹೊರಗೆ ಬಿಡುತ್ತಿದ್ದರು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ನಾತ. ಎಷ್ಟು ವರ್ಷ ಅಂತ ಸಹಿಸುವುದು? ಒಂದು ದಿನ ನನ್ನ ಮಂಡೆ ಬಿಸಿಯಾಯಿತು. ಹನ್ನೊಂದು ಹೆಂಗಸರನ್ನು ಕಟ್ಟಿಕೊಂಡು ಹೋಗಿ ಫ್ಯಾಕ್ಟರಿ ಗೇಟಿನಲ್ಲಿ ಚಾಪೆ ಹಾಸಿ ಕೂತೆ. ಮಧ್ಯಾಹ್ನದ ಊಟವನ್ನೂ ಅಲ್ಲೇ ಬಡಿಸಿದೆ. ಲಾರಿಗಳು ಸಾಲುಗಟ್ಟಿ ನಿಂತವು. ಕೊನೆಗೆ ಮ್ಯಾನೇಜರ್ ರಮಾಕಾಂತ ನಮ್ಮನ್ನು ಒಳಗೆ ಕರೆದ.

ಮನುಷ್ಯ ಒಳ್ಳೆಯ ಮಾತಿನವನು. ಚಹಾ ಕೊಡಿಸಿ, ಇಲ್ಲಿ ಹೆಂಗಸರನ್ನು ಕರೆಯುವ ಹಾಗೆ 'ಬಾಯಿ' ಅಂತ ಕರೆದು, ಹಿಂದಿಯಲ್ಲಿ ನಿಧಾನಕ್ಕೆ ಹೇಳಿದ. ಆವಿ ಹೊರಗೆ ಹೋಗಲೇಬೇಕು ಬಾಯಿ, ಅದಕ್ಕೆ ಎರಡು ದಾರಿ. ಒಂದು, ಆವಿಯನ್ನು ಹಿಡಿದು ತಣ್ಣಗೆ ಮಾಡಿ ಮತ್ತೆ ದ್ರವ ಮಾಡುವ ಮೆಶಿನ್ ಕೂರಿಸಬೇಕು. ಮೇಲಿನವರು ಒಪ್ಪಿ ಅದು ಬರಲು ಎರಡು ವರ್ಷ ಹಿಡಿಯುತ್ತದೆ. ಇನ್ನೊಂದು, ರಾತ್ರಿಯ ಬದಲು ಬೆಳಿಗ್ಗೆ ಎಂಟರಿಂದ ಹನ್ನೊಂದರೊಳಗೆ ಬಿಡುವುದು. ರಾತ್ರಿ ಗಾಳಿ ಆಡುವುದಿಲ್ಲ, ಅದಕ್ಕೇ ನಿಮ್ಮ ಮನೆಗಳ ಮೇಲೆ ಕೂರುತ್ತದೆ. ಬೆಳಿಗ್ಗೆ ಬಿಸಿಲು ಏರುತ್ತದೆ, ಗಾಳಿ ಬೀಸುತ್ತದೆ, ಎಲ್ಲ ಮೇಲೆ ಹೋಗಿ ಚದುರುತ್ತದೆ.

"ಹಾಗಾದ್ರೆ ನಾಳೆಯಿಂದಲೇ ಬೆಳಿಗ್ಗೆ ಬಿಡಿ. ಎರಡು ವರ್ಷ ಕಾಯಲು ನಮಗೆ ಬೇರೆ ಕೆಲಸ ಇಲ್ವಾ?" ಅಂತ ಮೇಜು ಗುದ್ದಿದೆ.

ಆತ ಆಗಲೇ ಒಂದು ಕಾಗದ ಟೈಪ್ ಮಾಡಿಸಿದ. ಹೊತ್ತು ಬದಲಿಸಲು ಸ್ಥಳೀಯರ ಬೇಡಿಕೆ ಮತ್ತು ಒಪ್ಪಿಗೆ ಇದೆ ಅಂತ. ಮೊದಲ ಸಹಿ ನನ್ನದು. ಮೆಶಿನ್ ಬೇಕು ಅಂತ ಹಠ ಹಿಡಿಯಲು ಆ ದಿನ ನನ್ನ ಹತ್ತಿರ ಹನ್ನೊಂದು ಹೆಂಗಸರಿದ್ದರು, ಗೇಟಿನಲ್ಲಿ ನಿಂತ ಲಾರಿಗಳಿದ್ದವು. ನಾನು ಸುಲಭದ ದಾರಿ ಹಿಡಿದೆ.

ಒಂದೇ ವಾರದಲ್ಲಿ ನಾತ ಹೋಯಿತು. ಬೆಳಿಗ್ಗೆ ಒಂದಿಷ್ಟು ಹೊತ್ತು ಸಣ್ಣಗೆ ಮೂಗಿಗೆ ಹೊಡೆದರೆ ಹೊಡೆಯಿತು, ಹನ್ನೊಂದರ ಮೇಲೆ ಗಾಳಿ ತೊಳೆದಿಟ್ಟ ಪಾತ್ರೆಯ ಹಾಗೆ. ಸೊಸೈಟಿಯ ಚೇರ್ಮನ್ ವಸಂತಕುಮಾರ, ಅವರು ಮೂಡಬಿದ್ರೆಯವರು, ಸಂಕ್ರಾಂತಿಯ ದಿನ ನನಗೆ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. "ಜಯಲತಕ್ಕ ಇಲ್ಲದಿದ್ರೆ ನಾವು ಇನ್ನೂ ಮೂಗು ಮುಚ್ಚಿಕೊಂಡೇ ಮಲಗಬೇಕಿತ್ತು," ಅಂದರು. ಎಲ್ಲರೂ ಚಪ್ಪಾಳೆ ಹೊಡೆದರು. ಖುಷಿಯಾಗಲಿಲ್ಲ ಅಂದರೆ ಸುಳ್ಳು.

ಈಗ ಹಪ್ಪಳದ ವಿಷಯ. ಪ್ರತಿ ಬೇಸಿಗೆ ನಾನು ಹಲಸಿನ ಹಪ್ಪಳ ಮಾಡುತ್ತೇನೆ, ಮಾಡುತ್ತಿದ್ದೆ. ಇಲ್ಲಿಂದ ಠಾಣೆ, ಕಲ್ಯಾಣದವರೆಗಿನ ನಮ್ಮ ಊರಿನವರೆಲ್ಲ ಮಾರ್ಚಿನಿಂದಲೇ ಫೋನ್ ಮಾಡಿ ಹೇಳಿಡುತ್ತಿದ್ದರು. ಎಳೆ ಹಲಸು ತುರ್ಭೆ ಮಾರ್ಕೆಟಿನಿಂದ ಬರಬೇಕು, ತೊಳೆ ಬಿಡಿಸಿ ಬೇಯಿಸಿ ರುಬ್ಬಬೇಕು, ಎಣ್ಣೆ ಹಚ್ಚಿದ ಪ್ಲಾಸ್ಟಿಕ್ಕಿನ ನಡುವೆ ಒತ್ತಬೇಕು. ಅಷ್ಟನ್ನೂ ನಾನು ಮಾಡುತ್ತಿದ್ದೆ. ಆದರೆ ಒಣಗಿಸುವುದು ಟೆರೇಸಿನಲ್ಲಿ. ನಾಲ್ಕು ಮಾಳಿಗೆ, ಲಿಫ್ಟ್ ಇಲ್ಲ, ನನ್ನ ಮೊಣಕಾಲು ದೇವರಿಗೇ ಪ್ರೀತಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೇಗೋ ಹತ್ತುತ್ತಿದ್ದೆ. ನಡುವೆ ಪಾರಿವಾಳ, ಕಾಗೆ ಕಾಯುತ್ತಾ, ಹಪ್ಪಳ ಮಗುಚಿ ಹಾಕುತ್ತಾ ಕೂರಲು ಒಬ್ಬರು ಬೇಕು. ಹಾಗೆ ಸಿಕ್ಕಿದವಳು ಚಂದ್ರಬಾಯಿ.

ಅವಳು ಕಲಬುರಗಿ ಕಡೆಯವಳು. ಹನ್ನೆರಡು ವರ್ಷ ಬಿಲ್ಡಿಂಗ್ ಕೆಲಸದಲ್ಲಿ ಸಿಮೆಂಟು ಹೊತ್ತು ಹೊತ್ತು ದಮ್ಮು ಹತ್ತಿಸಿಕೊಂಡಿದ್ದಳು. ಧೂಳು, ಹೊಗೆ ಇರುವ ಕಡೆ ಕಾಲಿಡಬೇಡ ಅಂತ ಡಾಕ್ಟರು ಹೇಳಿದ್ದರು. ಮಗ ಸಂಗಮೇಶ ತುರ್ಭೆಯಲ್ಲಿ ಹಮಾಲಿ, ನನಗೆ ಹಲಸು ತಂದುಕೊಡುತ್ತಿದ್ದವನೂ ಅವನೇ. "ಅವ್ವಗ ಏನರೆ ಕುಂತ ಮಾಡೂ ಕೆಲಸ ಇದ್ರ ನೋಡ್ರಿ," ಅಂತ ಕೇಳಿದ. ನನ್ನ ಟೆರೇಸಿಗಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು? ಮೊದಲ ಬೇಸಿಗೆ, ಅಂದರೆ ಆವಿಯ ಹೊತ್ತು ಬದಲಾಗುವ ಮೊದಲು 2011ರಲ್ಲಿ, ಎರಡು ತಿಂಗಳು ಕೂತಿದ್ದಳು. ಏನೂ ತೊಂದರೆ ಆಗಲಿಲ್ಲ. ಮೈಕೈ ಸ್ವಲ್ಪ ತುಂಬಿಕೊಂಡೇ ಹೋಗಿದ್ದಳು.

ನಮ್ಮ ಕೆಲಸಕ್ಕೆ ಒಂದು ಕಟ್ಟುನಿಟ್ಟು ಇತ್ತು, ನಾನೇ ಹಾಕಿದ್ದು. ಬೆಳಿಗ್ಗೆ ಅವಳು ಬಂದ ಕೂಡಲೇ ಇಬ್ಬರೂ ಬಾಲ್ಕನಿಯಲ್ಲಿ ನಿಂತು ಗಾಳಿ ಮೂಸುವುದು. ಜೋರು ವಾಸನೆ ಇದ್ದರೆ ಆ ದಿನ ರಜೆ. ಇಲ್ಲದಿದ್ದರೆ ಮೇಲೆ ಹತ್ತುವುದು. ಯಾವ ವಾಸನೆ ಯಾವುದು ಅಂತ ಅವಳಿಗೂ ಕಲಿಸಿದೆ. ಬೇಗ ಕಲಿತಳು, ಗಟ್ಟಿ ಹೆಂಗಸು. "ನೋಡು ಚಂದ್ರಬಾಯಿ, ಮೂಗಿಗೆ ಹಿಡಿಯದ ಗಾಳಿ ಒಳ್ಳೆ ಗಾಳಿ. ನೀನು ಬೇರೆ ಏನೂ ನೋಡ್ಬೇಡ," ಅಂದಿದ್ದೆ.

ಸಾಕ್ಷಿಗೆ ಸರಕಾರದ ಮೆಶಿನೂ ಇತ್ತು. ಎದುರಿನ ಶಾಲೆಯ ಟೆರೇಸಿನಲ್ಲಿ ಗಾಳಿ ಪರೀಕ್ಷೆ ಮಾಡುವ ಒಂದು ಗೂಡು, ಶಾಲೆಯ ಗೇಟಿನಲ್ಲಿ ಅದರ ಬೋರ್ಡು. ಪ್ರತಿ ಸಂಜೆ ಆ ಬೋರ್ಡಿನಲ್ಲಿ ಹಸಿರು ಅಕ್ಷರ ಬರುತ್ತಿತ್ತು, 'ಮಿತಿಯೊಳಗೆ' ಅಂತ ಮರಾಠಿಯಲ್ಲಿ. ಆ ಮೆಶಿನನ್ನು ನೋಡಿಕೊಳ್ಳುವುದು ಒಂದು ಖಾಸಗಿ ಕಂಪೆನಿ, ಆ ಕಂಪೆನಿಯ ಟೆಕ್ನಿಶಿಯನ್ ನನ್ನ ತಂಗಿಯ ಮಗ ಲತೀಶ. ಇಲ್ಲೇ ಹುಟ್ಟಿದ ಹುಡುಗ, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಬುಧವಾರ ಮತ್ತು ಶನಿವಾರ ಮೆಶಿನ್ ನೋಡಲು ಬಂದಾಗ ಊಟ ನಮ್ಮಲ್ಲಿ. ಮೊದಲು ಕೆಲಸವೆಲ್ಲ ಮುಗಿಸಿ ಮೂರೂವರೆಗೆ ಬರುತ್ತಿದ್ದ. "ಆರಿದ ಅನ್ನ ತಿನ್ನಲಿಕ್ಕೆ ಇಲ್ಲಿ ತನಕ ಬರ್ತೀಯಾ? ಒಂದು ಗಂಟೆಗೆ ಬಂದ್ರೆ ಬಾ, ಇಲ್ಲಾಂದ್ರೆ ಹೋಟೆಲ್ಲಿಗೆ ಹೋಗು!" ಅಂತ ಗದರಿದ ಮೇಲೆ ಸರಿಯಾಗಿ ಒಂದಕ್ಕೆ ಬರತೊಡಗಿದ. ಕೆಲಸ ಹೇಗೆ ಹೊಂದಿಸಿಕೊಂಡ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

2012ರ ಏಪ್ರಿಲ್. ಅಂಥ ಚಂದದ ಬಿಸಿಲು ನಾನು ಡೊಂಬಿವಲಿಯಲ್ಲಿ ಕಂಡಿರಲಿಲ್ಲ. ಆಕಾಶ ಒಂದು ಕಲೆಯೂ ಇಲ್ಲದ ನೀಲಿ. ಹಪ್ಪಳ ಒಂದೂವರೆ ದಿನದಲ್ಲೇ ಗಲಗಲ ಒಣಗುತ್ತಿತ್ತು. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ಎರಡನೇ ವಾರ ಚಂದ್ರಬಾಯಿ ಮೊದಲ ಸಲ ಬಾಯಿಬಿಟ್ಟಳು. "ಅಕ್ಕಾರ, ಮಧ್ಯಾನದಾಗ ಎದ್ಯಾಗ ಹಗ್ಗ ಬಿಗದಂಗ ಆಗ್ತದ್ರಿ. ಉಸರು ಪೂರಾ ಒಳಗ ಹೋಗವಲ್ದು. ಕಣ್ಣೂ ಉರೀತಾವ."

"ವಾಸನೆ ಬಂತಾ?"

"ವಾಸನಿ ಏನೂ ಇಲ್ರಿ."

"ಮತ್ತೆಂತ? ಬಿಸಿಲು ಅದು. ಮಜ್ಜಿಗೆ ಕುಡಿ," ಅಂದೆ. ದೊಡ್ಡ ಕೊಡೆ ಕೊಟ್ಟೆ, ನೀರಿನ ಟ್ಯಾಂಕಿನ ನೆರಳಿಗೆ ಮಣೆ ಹಾಕಿಸಿದೆ. ನನ್ನಿಂದಾದ ಉಪಚಾರ ಮಾಡಿದೆ ಅಂತಲೇ ನನ್ನ ಸಮಾಧಾನ.

ಆದರೆ ಕೆಮ್ಮು ಜಾಸ್ತಿಯಾಯಿತು. ಬೆಳಿಗ್ಗೆ ಬರುವಾಗ ಚೆನ್ನಾಗಿರುತ್ತಿದ್ದಳು, ಹನ್ನೆರಡಕ್ಕೆ ಕೆಮ್ಮು ಶುರು, ಎರಡಕ್ಕೆ ಕೆಳಗಿನ ನನ್ನ ಅಡಿಗೆಮನೆಗೂ ಕೇಳುವಷ್ಟು. ಸಂಜೆ ಆರಕ್ಕೆ ಇಳಿದು ಬರುವಾಗ ಮತ್ತೆ ಸುಮಾರಾಗಿರುತ್ತಿದ್ದಳು. ಇದನ್ನು ನೋಡಿ ನೋಡಿ ನನ್ನ ನಾಲಿಗೆ ಒಂದು ದಿನ ಹರಿಯಿತು.

"ಇದೆಂಥ ಕಾಯಿಲೆ ಮಾರಾಯ್ತಿ? ಕೆಲಸದ ಹೊತ್ತಿಗೆ ಬರ್ತದೆ, ಮನೆಗೆ ಹೋಗುವ ಹೊತ್ತಿಗೆ ಹೋಗ್ತದೆ!"

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು, ಒಣಗಿದ ಹಪ್ಪಳದ ಬುಟ್ಟಿ ಒಳಗಿಟ್ಟು, ಚಪ್ಪಲಿ ಮೆಟ್ಟಿ ಹೋದಳು. ಮರುದಿನದಿಂದ ಟೆರೇಸಿನಲ್ಲಿ ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮುತ್ತಿದ್ದಳಂತೆ, ನನಗೆ ಕೇಳಬಾರದು ಅಂತ. ಇದು ನನಗೆ ಆಮೇಲೆ ಗೊತ್ತಾಯಿತು. ಈಗ ಬಡ್ಕೊಂಡು ಏನು ಪ್ರಯೋಜನ? ಸೂಚನೆ ಅವಳ ಬಾಯಿಂದಲೇ ಬಂದಿತ್ತು. ಸೂರ್ಯನ ಜೊತೆ ಏರಿ ಸೂರ್ಯನ ಜೊತೆ ಇಳಿಯುವ ಕಾಯಿಲೆ ಅಂತ ಅವಳ ಎದೆ ಹೇಳುತ್ತಿತ್ತು. ನನಗೆ ಅದು ಮೈಗಳ್ಳತನವಾಗಿ ಕಂಡಿತು.

ಬೇರೆ ಸೂಚನೆಗಳೂ ಇದ್ದವು. ಟೆರೇಸಿನ ಕುಂಡದಲ್ಲಿ ಹಬ್ಬಿಸಿದ್ದ ಬಸಳೆಯ ಎಲೆ ತುಂಬ ಸಾಸಿವೆಯಷ್ಟು ಬಿಳಿ ಚುಕ್ಕೆ ಬಿದ್ದಿತ್ತು. ಹುಳ ಅಂತ ಬೇವಿನೆಣ್ಣೆ ಹೊಡೆದೆ. ಹುಳವೇ ಇರಲಿಲ್ಲ. ಮತ್ತೆ ರಬ್ಬರ್ ಬ್ಯಾಂಡ್. ಪಾರಿವಾಳ ಬಾಯಿ ಹಾಕದ ಹಾಗೆ ಹಪ್ಪಳದ ಮೇಲೆ ನಾವು ಮರದ ಚೌಕಟ್ಟು ಇಡುತ್ತೇವೆ, ಅದಕ್ಕೆ ಸೊಳ್ಳೆಪರದೆಯ ಬಟ್ಟೆ ಎಳೆದು ದಪ್ಪ ರಬ್ಬರ್ ಬ್ಯಾಂಡ್ ಬಿಗಿಯುತ್ತೇವೆ. ಹೋದ ವರ್ಷ ಹಾಕಿದ್ದು ಇಡೀ ಬೇಸಿಗೆ ಬಂದಿತ್ತು. ಈ ವರ್ಷ ಎಂಟೇ ದಿನಕ್ಕೆ ಪಟಪಟ ಹರಿದು ಬೀಳತೊಡಗಿದವು.

ನಾನು ನೇರ ಹೋದದ್ದು ಸ್ಟೇಶನರಿ ಅಂಗಡಿಯ ಮುರಾರಿಯ ಹತ್ತಿರ. "ಡುಪ್ಲಿಕೇಟ್ ಮಾಲು ಮಾರ್ತೀಯಾ?" ಅಂತ ಗಿರಾಕಿಗಳ ಎದುರಿಗೇ ಅವನ ಬೆವರಿಳಿಸಿದೆ. ಪಾಪದವನು, ಬೇರೆ ಪ್ಯಾಕೆಟ್ ಕೊಟ್ಟ. ಅದೂ ಎಂಟು ದಿನ. ಮತ್ತೆ ಹೋಗಿ ಜಗಳ ಮಾಡಿದೆ. ಮೂರನೇ ಸಲ ಅವನಿಗೂ ಸಿಟ್ಟು ಬಂತು. "ಬಾಯಿ, ಇದೇ ಪ್ಯಾಕೆಟ್ ಇಡೀ ಏರಿಯಾ ತಗೊಂಡು ಹೋಗ್ತಿದೆ. ಹರೀತಿರೋದು ನಿಮ್ಮದೊಂದೇ. ಬಿಸಿಲಿಗೆ ಹಾಕಿದ್ರೆ ಹರೀದೆ ಇರ್ತದಾ?" ಅಂದ.

"ಬಿಸಿಲು ಹೋದ ವರ್ಷವೂ ಇತ್ತಲ್ಲ!" ಅಂದೆ. ಅವನು ಮುಂದಿನ ಗಿರಾಕಿಯ ಕಡೆ ತಿರುಗಿದ. ಗೆದ್ದೆ ಅಂತ ಮನೆಗೆ ಬಂದೆ.

ಮೇ ಒಂಬತ್ತು, ಬುಧವಾರ. ಬೆಳಿಗ್ಗೆ ಚಂದ್ರಬಾಯಿಯ ಮುಖ ಸ್ವಲ್ಪ ಊದಿದ ಹಾಗೆ ಇತ್ತು. "ಇವತ್ತು ಬೇಡ, ಮನೆಗೆ ಹೋಗು," ಅಂತ ನಾನು ಹೇಳಿದ್ದು ನಿಜ. ಅವಳು ಬಾಲ್ಕನಿಗೆ ಹೋಗಿ ಮೂಗೇರಿಸಿ ಗಾಳಿ ಎಳೆದಳು. "ವಾಸನಿ ಬಾಳ ಸಣ್ಣಗ ಐತ್ರಿ, ಹನ್ನೊಂದಕ್ಕ ಹೋಗ್ತದ. ನಿನ್ನಿ ಹಾಕಿದ್ದು ಅರ್ಧ ಒಣಗ್ಯಾವ, ಬಿಟ್ರ ಬೂಜು ಬರ್ತದ," ಅಂದಳು. ನಾನು ಕಲಿಸಿದ ಪಾಠವನ್ನು ನನಗೇ ಒಪ್ಪಿಸಿದಳು. ನಾನೂ ಮೂಸಿದೆ. ಹೌದು ಅನ್ನಿಸಿತು. ಹೋಗು ಅಂದೆ.

ಒಂದು ಗಂಟೆಗೆ ಲತೀಶ ಬಂದ. ಬಂಗುಡೆ ಮೀನಿನ ಪುಳಿಮುಂಚಿ, ಕುಚ್ಚಲಕ್ಕಿ ಅನ್ನ ಬಡಿಸಿದೆ. ಅವನು ತಿನ್ನುತ್ತಿದ್ದರೆ ನಾನು ಪಕ್ಕದಲ್ಲಿ ಕೂತು ಮುರಾರಿಯ ಮೇಲಿನ ಸಿಟ್ಟನ್ನು ಕಾರುತ್ತಿದ್ದೆ. ಹರಿದ ಬ್ಯಾಂಡುಗಳನ್ನು ಡಬ್ಬಿಯಿಂದ ಸುರಿದು, "ನೋಡು, ಹೇಗಾಗಿದೆ ಅಂತ," ಅಂದೆ.

ಹುಡುಗ ಎಡಗೈಯಲ್ಲಿ ಒಂದನ್ನು ಎತ್ತಿಕೊಂಡ. ಬಾಯಲ್ಲಿದ್ದ ತುತ್ತು ಅಗಿಯುವುದನ್ನು ನಿಲ್ಲಿಸಿದ. ಕಿಟಕಿಯ ಬೆಳಕಿಗೆ ಹಿಡಿದು ಎಳೆದ. ರಬ್ಬರಿನ ಮೈತುಂಬ ಅಡ್ಡಡ್ಡ ಸೀಳು, ಬ್ಲೇಡಿನಿಂದ ಕೊಯ್ದ ಹಾಗೆ, ಒಂದರ ಪಕ್ಕ ಒಂದು.

"ದೊಡ್ಡಮ್ಮ, ಎಳೆದು ಬಿಗಿಯದೆ ಇಟ್ಟದ್ದು ಹೇಗಿದೆ?"

"ಡಬ್ಬಿಯಲ್ಲಿದ್ದದ್ದು ಹೊಸದರ ಹಾಗೇ ಉಂಟು. ಟೆರೇಸಿನಲ್ಲೇ ಸುಮ್ಮನೆ ಬಿದ್ದದ್ದೂ ಸರಿ ಉಂಟು. ಬಿಗಿದದ್ದು ಮಾತ್ರ ಹೀಗೆ."

ಅವನು ಹಿಂದಿ ಕನ್ನಡ ಕಲಸಿ ಹೇಳತೊಡಗಿದ. ಟ್ರೇನಿಂಗಿನಲ್ಲಿ ಅವನಿಗೆ ಒಬ್ಬ ಮುದುಕ ಸಾಹೇಬರು ಕಲಿಸಿದ್ದರಂತೆ, ಮೆಶಿನ್ ಇಲ್ಲದ ಕಾಲದಲ್ಲಿ ಓಝೋನ್ ಉಂಟಾ ಅಂತ ನೋಡಲು ರಬ್ಬರನ್ನು ಎಳೆದು ಕಟ್ಟಿ ಬಿಸಿಲಿಗೆ ಇಡುತ್ತಿದ್ದರು, ಸೀಳು ಬಿಟ್ಟರೆ ಉಂಟು ಅಂತ.

"ಓಝೋನ್ ಒಳ್ಳೇದಲ್ವನಾ? ಮೇಲೆ ಆಕಾಶದಲ್ಲಿ ಇರ್ತದೆ ಅಂತ ಟೀವಿಯಲ್ಲಿ..."

"ಮೇಲಿದ್ರೆ ಒಳ್ಳೇದು. ನೀಚೆ ಆಯಾ ತೋ ಝಹರ್, ಕೆಳಗೆ ಬಂದ್ರೆ ವಿಷ," ಅಂದ. ಯಾವ ಚಿಮಣಿಯಿಂದಲೂ ಅದು ಬರುವುದಿಲ್ಲ ದೊಡ್ಡಮ್ಮ. ಥಿನ್ನರಿನ ಆವಿ, ರಸ್ತೆಯ ಗಾಡಿಗಳ ಹೊಗೆ, ಇವೆರಡೂ ಬೆಳಿಗ್ಗೆ ಗಾಳಿಯಲ್ಲಿ ಸೇರಬೇಕು. ಮೇಲಿಂದ ಗಟ್ಟಿ ಬಿಸಿಲು ಬೀಳಬೇಕು. ಅಡಿಗೆ ಆಗುವ ಹಾಗೆ ಅದು ಗಾಳಿಯಲ್ಲೇ ಬೇಯುತ್ತದೆ. ಮಧ್ಯಾಹ್ನ ಒಂದರಿಂದ ಮೂರು ಅದು ಏರುವ ಹೊತ್ತು. ಮೂಗಿಗೆ ಗೊತ್ತಾಗುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ. ದಮ್ಮಿನವರ ಎದೆಗೆ ಮೊದಲು ಗೊತ್ತಾಗುತ್ತದೆ.

ಥಿನ್ನರಿನ ಆವಿ. ಬೆಳಿಗ್ಗೆ ಎಂಟರಿಂದ ಹನ್ನೊಂದು. ರಾತ್ರಿ ನಾತವಾಗಿ ಬಂದು ಹೋಗುತ್ತಿದ್ದದ್ದನ್ನು ನಾನೇ ಮೇಜು ಗುದ್ದಿ ಬಿಸಿಲಿಗೆ ಹಾಕಿಸಿದ್ದೆ.

ಆದರೂ ನಂಬಲಿಕ್ಕೆ ಮನಸ್ಸಿಲ್ಲ. "ನಿನ್ನ ಮೆಶಿನ್ ದಿನಾ ಹಸಿರು ತೋರಿಸ್ತದಲ್ಲ! ಓಝೋನ್ ಅಳೆಯುವುದಿಲ್ವಾ ಅದು?"

"ಅಳೀತದೆ. ಎರಡು ವರ್ಷದ ಹಿಂದೆಯೇ ಅದಕ್ಕೂ ಮಿತಿ ಬಂದಿದೆ. ಎಂಟು ಗಂಟೆಯ ಸರಾಸರಿ ನೂರು ಮೈಕ್ರೋಗ್ರಾಂ ದಾಟಬಾರದು, ಒಂದು ಗಂಟೆಯದ್ದು ನೂರಾ ಎಂಬತ್ತು. ನಮ್ಮದು ಯಾವತ್ತೂ ದಾಟಿಲ್ಲ."

"ಹಾಗಾದ್ರೆ ಈಗ ಎಷ್ಟು ತೋರಿಸ್ತಾ ಉಂಟು? ಈ ಗಳಿಗೆಯಲ್ಲಿ?"

ಲತೀಶ ಗಡಿಯಾರ ನೋಡಿದ. ಒಂದು ಇಪ್ಪತ್ತು.

"ಈಗ ಅಳೆಯಲ್ಲ ದೊಡ್ಡಮ್ಮ. ಈಗ ಮೆಶಿನ್ ತನ್ನನ್ನೇ ಚೆಕ್ ಮಾಡ್ಕೊಳ್ತಾ ಇದೆ. ಹೊರಗಿನ ಗಾಳಿ ಬಂದ್. ಹನ್ನೆರಡೂವರೆಯಿಂದ ಮೂರು."

"ಇವತ್ತು ಮಾತ್ರವಾ?"

"ದಿನಾ. ಟೈಮರ್ ಹಾಕಿಟ್ಟಿದ್ದೇನೆ. ಆ ಹೊತ್ತು ಕೆಲಸ ಅದರಷ್ಟಕ್ಕೇ ಆಗ್ತದೆ, ನಾನು..." ಅವನು ಎದುರಿನ ತಟ್ಟೆ ನೋಡಿದ. "ನೀವೇ ಅಲ್ವಾ ಒಂದು ಗಂಟೆಗೆ ಊಟಕ್ಕೆ ಬಾ ಅಂದದ್ದು."

ಆಗ ಮೇಲಿನಿಂದ ಕೆಮ್ಮಿನ ಸದ್ದು ಬರುತ್ತಿಲ್ಲ ಅಂತ ನನಗೆ ಹೊಳೆಯಿತು. ಎಷ್ಟು ಹೊತ್ತಿನಿಂದ, ಎಷ್ಟು ದಿನದಿಂದ ಬರುತ್ತಿಲ್ಲ ಅಂತಲೂ ಗೊತ್ತಿರಲಿಲ್ಲ.

ಆ ದಿನ ನನ್ನ ಮೊಣಕಾಲು ಎಲ್ಲಿಗೆ ಹೋಗಿತ್ತೋ ದೇವರಿಗೇ ಗೊತ್ತು. ಎಂಜಲು ಕೈಯಲ್ಲೇ ಲತೀಶ ಮುಂದೆ, ನಾನು ಹಿಂದೆ. ಟೆರೇಸಿನ ಬಾಗಿಲು ತೆರೆದರೆ ಕಣ್ಣು ಕುಕ್ಕುವ ಬಿಸಿಲು. ಚಾಪೆಯ ಮೇಲೆ ಸಾಲಾಗಿ ಹಪ್ಪಳ, ಅರ್ಧ ಮಗುಚಿದೆ, ಅರ್ಧ ಇಲ್ಲ. ಚಂದ್ರಬಾಯಿ ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು, ಎರಡು ಕೈ ನೆಲಕ್ಕೆ ಊರಿ ಮುಂದೆ ಬಾಗಿ ಕೂತಿದ್ದಳು. ಬಾಯಿ ತೆರೆದಿತ್ತು, ಭುಜ ಏರಿ ಇಳಿಯುತ್ತಿತ್ತು, ಗಾಳಿ ಮಾತ್ರ ಒಳಗೆ ಹೋಗುತ್ತಿರಲಿಲ್ಲ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಸೆರಗಿನ ಒಂದು ತುದಿ ಒದ್ದೆಯಾಗಿ ಹಲ್ಲಿನ ಗುರುತು ಬಿದ್ದಿತ್ತು.

"ಚಂದ್ರಬಾಯೀ!" ಅಂತ ಕೂಗಿದೆ.

ಅವಳು ನನ್ನನ್ನು ನೋಡಿದಳು. ಏನೋ ಹೇಳಲು ಹೋದಳು. ಸೊಲ್ಲು ಬರಲಿಲ್ಲ. ಕೈಯಿಂದ ಹಪ್ಪಳದ ಕಡೆ ತೋರಿಸಿದಳು, ಮಗುಚದೆ ಉಳಿದದ್ದನ್ನು. ಅಯ್ಯೋ, ಆ ಸ್ಥಿತಿಯಲ್ಲೂ ನನ್ನ ಬೈಗುಳಕ್ಕೆ ಹೆದರಿದ್ದಳು.

ಲತೀಶ ಬೆನ್ನಿಗೆ ಹಾಕಿಕೊಂಡು ನಾಲ್ಕು ಮಾಳಿಗೆ ಇಳಿಸಿದ. ರಿಕ್ಷಾದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಆಸ್ಪತ್ರೆಯವರು ಆಕ್ಸಿಜನ್ ಹಾಕಿದರು, ಇಂಜೆಕ್ಷನ್ ಕೊಟ್ಟರು, ಮಾಡುವುದೆಲ್ಲ ಮಾಡಿದರು. ಸಂಜೆ ಐದೂವರೆಗೆ ಚಂದ್ರಬಾಯಿ ಹೋದಳು. ದಿನಾ ಕೆಮ್ಮು ಇಳಿಯುವ ಹೊತ್ತಿಗೆ ಸರಿಯಾಗಿ. ಸಂಗಮೇಶ ತುರ್ಭೆಯಿಂದ ಬಂದು ಮುಟ್ಟುವಾಗ ಬಟ್ಟೆ ಮುಚ್ಚಿಯಾಗಿತ್ತು. ಅವನು ನನ್ನ ಕಾಲು ಮುಟ್ಟಲು ಬಗ್ಗಿದ. "ನೀವ ಇಲ್ಲಿ ತನಕ ತಂದ್ರೆಲ್ರಿ ಅಕ್ಕಾರ," ಅಂದ. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮನೆಗೆ ಬರುವಾಗ ಶಾಲೆಯ ಗೇಟಿನಲ್ಲಿ ಬೋರ್ಡು ಹೊತ್ತಿಕೊಂಡಿತ್ತು. ಹಸಿರು. ಮಿತಿಯೊಳಗೆ.

ಲತೀಶ ಮರುದಿನವೇ ಟೈಮರನ್ನು ಬೆಳಗಿನ ಜಾವ ಮೂರಕ್ಕೆ ಬದಲಿಸಿದ. ಆ ಮಧ್ಯಾಹ್ನ ಎರಡು ಗಂಟೆಗೆ ಮೆಶಿನ್ ತೋರಿಸಿದ್ದು ಇನ್ನೂರ ಹನ್ನೊಂದು. ಕಾಗದದಲ್ಲಿ ಇಳಿಸಿ ತಂದು ನನ್ನ ಕೈಗೆ ಕೊಟ್ಟು, ಮಗು ಅತ್ತ ಹಾಗೆ ಅತ್ತ. ಹತ್ತು ದಿನ ಹೀಗೇ ಬರೆದು ಕಂಪೆನಿಗೆ ಕಳಿಸಿದ. ಕಂಪೆನಿಯವರು, ಇಷ್ಟು ದಿನ ಸರಿ ಇದ್ದದ್ದು ಒಮ್ಮೆಲೇ ಏರಿದೆ ಅಂದರೆ ಮೆಶಿನ್ ಕೆಟ್ಟಿದೆ ಅಂತಲೇ ಅರ್ಥ ಅಂದರು. ರಿಪೇರಿಗೆ ಅಂತ ಇಳಿಸಿಕೊಂಡು ಹೋದರು. ಲತೀಶನನ್ನು ರಬಾಳೆಯ ಗೋಡೌನಿಗೆ ಹಾಕಿದರು. ಶಾಲೆಯ ಟೆರೇಸಿನಲ್ಲಿ ಈಗ ಖಾಲಿ ಗೂಡು ಉಂಟು, ಪಾರಿವಾಳಗಳು ಮೊಟ್ಟೆ ಇಟ್ಟಿವೆ.

ನಾನು ಬಿಡಲಿಲ್ಲ. ಫ್ಯಾಕ್ಟರಿಗೆ ಹೋದೆ, ಈ ಸಲ ಒಬ್ಬಳೇ. ಆವಿ ಹಿಡಿಯುವ ಮೆಶಿನ್ ಕೂರಿಸಿ, ಹಗಲೂ ಬೇಡ ರಾತ್ರಿಯೂ ಬೇಡ ಅಂದೆ. ರಮಾಕಾಂತ ಚಹಾ ತರಿಸಿದ. ಫೈಲು ತೆಗೆದು ನನ್ನ ಸಹಿ ತೋರಿಸಿದ. ಆಮೇಲೆ ಸರಕಾರದ ಅಂಕಿ ಇರುವ ಕಾಗದ ತೋರಿಸಿದ, ಅದರಲ್ಲಿ ಮೇ ಒಂಬತ್ತರ ಸಾಲೂ ಇತ್ತು. ಹನ್ನೆರಡೂವರೆಯಿಂದ ಮೂರರ ತನಕ ಖಾಲಿ. ಉಳಿದ ಗಂಟೆಗಳೆಲ್ಲ ಮಿತಿಯೊಳಗೆ. "ಈ ಗಾಳಿಯಿಂದ ಯಾರೂ ಸಾಯಲ್ಲ ಬಾಯಿ," ಅಂದ. ಸುಳ್ಳು ಹೇಳುತ್ತಿರಲಿಲ್ಲ ಅವನು. ಕಾಗದದಲ್ಲಿ ಹಾಗೇ ಇತ್ತು. ಚಂದ್ರಬಾಯಿ ಸಾಯತೊಡಗಿದ ಹೊತ್ತು ಕಾಗದದಲ್ಲಿ ಇರಲೇ ಇಲ್ಲ, ಆ ಹೊತ್ತಿಗೆ ಲತೀಶ ನನ್ನ ಅಡಿಗೆಮನೆಯಲ್ಲಿ ಊಟ ಮಾಡುತ್ತಿದ್ದ.

ಒಪ್ಪಿಗೆ ಹಿಂದೆ ತೆಗೆದುಕೊಳ್ಳಲು ಸೊಸೈಟಿಯ ಠರಾವು ಬೇಕು ಅಂದ. ಮೀಟಿಂಗ್ ಕರೆಸಿದೆ. ಹರಿದ ರಬ್ಬರ್ ಬ್ಯಾಂಡುಗಳನ್ನು ಮೇಜಿನ ಮೇಲೆ ಸುರಿದು, ಗಂಟಲು ಹರಿಯುವ ಹಾಗೆ ಹೇಳಿದೆ. ಯಾರೋ ಹಿಂದಿನಿಂದ ನಕ್ಕರು. ವಸಂತಕುಮಾರರು ಬಹಳ ಮರ್ಯಾದೆಯಿಂದ ಮಾತಾಡಿದರು.

"ಜಯಲತಕ್ಕ, ನಿಮ್ಮ ದುಃಖ ಅರ್ಥ ಆಗ್ತದೆ. ಆದ್ರೆ ಆ ಬಾಯಿಗೆ ಮೊದಲೇ ದಮ್ಮು ಇತ್ತಲ್ಲ. ಈಗ ಇದನ್ನು ಕೆದಕಿದ್ರೆ ಅವರು ಮತ್ತೆ ರಾತ್ರಿ ಬಿಡ್ತಾರೆ. ನಾತ ವಾಪಸ್ ಬರ್ಲಿ ಅಂತ ಯಾರಿಗೆ ಬೇಕು, ಕೈ ಎತ್ತಿ."

ನನ್ನ ಕೈ ಒಂದೇ ಮೇಲಿತ್ತು. ಗೇಟಿನಲ್ಲಿ ನನ್ನ ಜೊತೆ ಚಾಪೆ ಹಾಸಿ ಕೂತ ಹನ್ನೊಂದು ಹೆಂಗಸರೂ ಅಲ್ಲೇ ಇದ್ದರು, ಕೈ ಮಡಿಲಲ್ಲಿ ಇಟ್ಟುಕೊಂಡು.

ಹಪ್ಪಳ ಬಿಟ್ಟೆ. ಮುಂದಿನ ವರ್ಷ ಮಾರ್ಚಿನಲ್ಲಿ ಸಂಗಮೇಶನ ಹೆಂಡತಿ ಭಾಗ್ಯಾ ಬಾಗಿಲಿಗೆ ಬಂದಳು. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ ಹೆಂಗಸು. ಅತ್ತೆಯ ಕೆಲಸ ನನಗೆ ಕೊಡಿ ಅಂದಳು. ಕೊಡುವುದಿಲ್ಲ ಅಂದೆ. ಯಾಕೆ ಅಂತ ವಿವರಿಸಲು ಹೋದೆ, ಓಝೋನು, ಬಿಸಿಲು, ರಬ್ಬರು. ಅವಳು ತಲೆ ಆಡಿಸಿ ಕೇಳಿ, ಚಹಾ ಕುಡಿದು ಹೋದಳು. ಬಾಯಿ ಬಡುಕಿ ಅಂದುಕೊಂಡಿರಬೇಕು.

ಏಪ್ರಿಲ್ ಮೊದಲ ವಾರ. ಆಕಾಶ ಮತ್ತೆ ಅದೇ ನೀಲಿ. ಒಂದೂವರೆ ಹೊತ್ತಿಗೆ ಬಾಲ್ಕನಿಗೆ ಬಂದವಳು ಪಕ್ಕದ ಗಿಡ್ಡ ಬಿಲ್ಡಿಂಗಿನ ಟೆರೇಸ್ ನೋಡಿದೆ. ಅಲ್ಲಿ ಚಾಪೆ ಹಾಸಿತ್ತು, ಚಾಪೆ ತುಂಬ ಹಪ್ಪಳ. ನನ್ನ ಗಿರಾಕಿಗಳನ್ನು ಬೇರೆ ಯಾರೋ ಹಿಡಿದಿದ್ದರು. ನಡುವೆ ಕೊಡೆ ಹಿಡಿದು ಕೂತವಳು ಭಾಗ್ಯಾ. ಒಂದು ಕೈಯಿಂದ ಪಾರಿವಾಳ ಓಡಿಸುತ್ತಿದ್ದಳು, ಇನ್ನೊಂದು ಕೈಯಿಂದ ಕಣ್ಣು ಉಜ್ಜಿಕೊಳ್ಳುತ್ತಿದ್ದಳು.

"ಭಾಗ್ಯಾ! ಇಳಿ ಕೆಳಗೆ! ಈಗಲೇ ಇಳಿ!" ಇಡೀ ಗಲ್ಲಿಗೆ ಕೇಳುವ ಹಾಗೆ ಕಿರುಚಿದೆ.

ಅವಳು ಎದ್ದು ಕಟ್ಟೆಯ ಹತ್ತಿರ ಬಂದಳು. ಮುಖ ಮೇಲೆತ್ತಿ, ಮೂಗರಳಿಸಿ, ಗಾಳಿಯನ್ನು ಉದ್ದಕ್ಕೆ ಒಳಗೆ ಎಳೆದಳು. ಅತ್ತೆ ಎಳೆಯುತ್ತಿದ್ದ ಹಾಗೇ, ನಾನು ಕಲಿಸಿದ ಹಾಗೇ. ಒಂದು ಸಲ ಕೆಮ್ಮಿದಳು. ಆಮೇಲೆ ನನಗೆ ಸಮಾಧಾನ ಮಾಡುವವಳ ಹಾಗೆ ನಕ್ಕು ಕೈ ಬೀಸಿದಳು.

"ವಾಸನಿ ಇಲ್ರಿ ಅಕ್ಕಾರ. ಇವತ್ತ ಗಾಳಿ ಚಲೋ ಐತಿ."